ಮಳಿ ಲೆಕ್ಕ ಸಮುದ್ರದ ತಳದಾಗ

ರಾಯಚೂರು ಕೋಟೆ ಗೋಡೆಯಲ್ಲಿ ಒಂದು ಭಾರೀ ಉದ್ದದ ಕಲ್ಲಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಕೋಟೆ ಕಟ್ಟಿದ್ದು ಅದರ ಮೇಲಿದೆ. 1520ರಲ್ಲಿ ಇದೇ ಕೋಟೆಗಾಗಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್ ಶಾಹನಿಗೂ ಯುದ್ಧ ಆಯ್ತು. ಯಾರು ಕಟ್ಟಿದ್ರು, ಯಾರು ಗೆದ್ರು ಅನ್ನೋದಕ್ಕೆ ದಾಖಲೆ ಬೇಕಾದಷ್ಟಿವೆ. ದೇವದುರ್ಗ, ಮಾನ್ವಿ ಕಡೆಯ ರೈತರು ಕೇಳೋ ಪ್ರಶ್ನೆ ಬೇರೆ: ಮಳಿ ಹಿಂದೆಲ್ಲಾ ಹೆಂಗಿತ್ತು? ಗುಳೆ ಹೋಗೋ ಈ ಕರ್ಮ ಯಾವಾಗಿಂದ?

ಇದಕ್ಕೆ ಉತ್ತರ ಇರೋದು ಸಮುದ್ರದ ತಳದ ಕೆಸರಿನಲ್ಲಿ. ಫೊರಾಮಿನಿಫೆರಾ ಅಂತ ಒಂದೇ ಕೋಶದ ಜೀವಿಗಳಿವೆ. ಮರಳಿನ ಕಾಳಿನಷ್ಟು ಗಾತ್ರ, ಮೈಮೇಲೆ ಸುಣ್ಣದ ಚಿಪ್ಪು. ಸತ್ತ ಮೇಲೆ ಚಿಪ್ಪು ತಳಕ್ಕಿಳಿದು ಪದರ ಪದರವಾಗಿ ಕೂಡ್ತದೆ. ಸರ್ವರ್ ಬಿದ್ದಾಗ ನಾವು ತೆಗೆದು ನೋಡೋ ಲಾಗ್ ಫೈಲ್ ಇದ್ದಂಗೆ. ಟೈಮ್‌ಸ್ಟ್ಯಾಂಪ್ ಮಾತ್ರ ರೇಡಿಯೋಕಾರ್ಬನ್‌ದು.

ಒಮಾನ್ ಕರಾವಳಿಯಲ್ಲಿ ಮುಂಗಾರಿನ ಗಾಳಿ ಮೇಲಿನ ನೀರನ್ನ ಆಚೆಗೆ ತಳ್ಳಿದಾಗ ಕೆಳಗಿನ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇಳ್ತದೆ. ಅಲ್ಲಿ ಗ್ಲೋಬಿಜೆರಿನಾ ಬುಲಾಯ್ಡಿಸ್ ಅನ್ನೋ ಜಾತಿ ಹುಲುಸಾಗಿ ಬೆಳೀತದೆ. ಯಾವ ಪದರದಲ್ಲಿ ಇದರ ಚಿಪ್ಪು ಜಾಸ್ತಿಯೋ ಆ ಕಾಲದಲ್ಲಿ ಗಾಳಿ ಜೋರು. ಡೇವಿಡ್ ಆಂಡರ್ಸನ್, ಜೊನಾಥನ್ ಓವರ್‌ಪೆಕ್, ಅನಿಲ್ ಗುಪ್ತಾ ಹೀಗೆ 1000 ವರ್ಷದ ಲೆಕ್ಕ ತೆಗೆದು 2002ರಲ್ಲಿ ಪ್ರಕಟಿಸಿದ್ರು. ಕಳೆದ ನಾಲ್ಕು ಶತಮಾನ ಮುಂಗಾರಿನ ಗಾಳಿ ಬಲವಾಗುತ್ತಾ ಬಂದಿದೆ ಅಂತ ಅದು ಹೇಳ್ತದೆ. ಖುಷಿ ಪಡೋ ಮುಂಚೆ ನೆನಪಿಡಿ, 1876–78ರ ಘೋರ ಬರ ಬಂದದ್ದೂ ಇದೇ ಅವಧಿಯಲ್ಲಿ. ಸರಾಸರಿ ಏರಿದ್ರೆ ಹೊಟ್ಟೆ ತುಂಬಲ್ಲ. ಮೇಲಾಗಿ ನಾವು ಪಶ್ಚಿಮ ಘಟ್ಟದ ಮಳೆ ನೆರಳಿನವರು, ಅರಬ್ಬೀ ಸಮುದ್ರದ ಗಾಳಿಯೆಲ್ಲಾ ನಮಗೆ ಮಳೆ ಆಗಲ್ಲ.

ನಮಗೆ ಹತ್ತಿರದ ಸಾಕ್ಷಿ ಬಂಗಾಳ ಕೊಲ್ಲಿಯದು. ಗೋದಾವರಿ ಸೇರುವ ಕಡೆಯ ಕೆಸರು (ಕೃಷ್ಣೆಯದ್ದಲ್ಲ, ಆದ್ರೂ ಇದೇ ಪ್ರಸ್ಥಭೂಮಿಯ ಕಥೆ). ನದಿ ನೀರು ಕಡಿಮೆಯಾದ್ರೆ ಕಡಲು ಉಪ್ಪೇರ್ತದೆ, ಚಿಪ್ಪಿನೊಳಗಿನ ಆಮ್ಲಜನಕದ ಐಸೋಟೋಪ್ ಲೆಕ್ಕವೂ ಬದಲಾಗ್ತದೆ. ಕೆಮಿಲೊ ಪೊಂಟೊನ್ ಮತ್ತು ಸಂಗಡಿಗರು 2012ರಲ್ಲಿ ಬರೆದಂತೆ, ಸುಮಾರು 4000 ವರ್ಷದ ಹಿಂದಿನಿಂದ 1700 ವರ್ಷದ ಹಿಂದಿನವರೆಗೆ ಇಲ್ಲಿ ಒಣಹವೆಗೆ ಒಗ್ಗಿದ ಗಿಡಗಳು ನಿಧಾನವಾಗಿ ಹೆಚ್ಚಾದವು, ಆಮೇಲೂ ಹಾಗೇ ಉಳಿದವು. ಕಳೆದ 3000 ವರ್ಷದಲ್ಲಿ ಕಡಲು ಹಿಂದೆಂದೂ ಇಲ್ಲದಷ್ಟು ಉಪ್ಪಾದ ಕಾಲಗಳೂ ಸಿಕ್ಕಿವೆ. ಅಂದ್ರೆ ಆ ಕೋಟೆ ಕಲ್ಲು ಕೆತ್ತೋ ಹೊತ್ತಿಗೆ ಬರಗಾಲ ಇಲ್ಲಿ ಹಳೇ ನೆಂಟ.

ನಮ್ಮ ಜಿಲ್ಲೆಯ ಮಸ್ಕಿ, ಪಿಕ್ಲಿಹಾಳದಲ್ಲಿ ದನ ಕಾಯ್ತಾ ನೆಲೆ ನಿಂತ ನವಶಿಲಾಯುಗದ ಮಂದಿ ಈ ಒಣಗುವ ಕಾಲವನ್ನ ನೋಡಿದವರು. ಹುರುಳಿ, ಹೆಸರು, ಕೊರಲೆಯಂಥ ಕಡಿಮೆ ನೀರಿನ ಕಾಳು ದಕ್ಷಿಣದ ಆ ಕಾಲದ ಊರುಗಳಲ್ಲಿ ಸಿಕ್ಕಿವೆ. ಈಗ ಅದೇ ಸೀಮೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ನಂಬಿ ಭತ್ತ ನಾಟಿ ಮಾಡ್ತೀವಿ. ಮಾನ್ವಿಯ ಟೇಲ್ ಎಂಡ್ ಹಳ್ಳಿಗಳಲ್ಲಿ ಮಂದಿ ಪ್ರತಿ ವರ್ಷ ಕೇಳೋದು ಒಂದೇ, ಈ ಸಲ ನೀರು ನಮ್ತನಕ ಬರ್ತದೇನ್ರಿ?