ಕುಂಕುಮಕೇಸರಿ: ಔಷಧಗುಣವೂ ವ್ಯಾಪಾರಧರ್ಮವೂ

ಇಂದು ಹಣೆಗಿಡುವ ಕುಂಕುಮವು ಅರಿಸಿನದಿಂದ ತಯಾರಾದುದು. ಆದರೆ ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಕುಂಕುಮವೆಂದರೆ ಕೇಸರಿಯೇ. ಕಾಶ್ಮೀರದ ಪಾಂಪೋರಿನಲ್ಲಿ ಶರದೃತುವಿನ ಕೆಲವೇ ವಾರಗಳಲ್ಲಿ ಅರಳುವ ನೇರಳೆ ಹೂವಿನಿಂದ ದೊರೆಯುವುದು ಮೂರೇ ಮೂರು ಕೆಂಪು ಎಳೆಗಳು. ಒಂದು ಕಿಲೋ ಕೇಸರಿಗೆ ಸುಮಾರು ಒಂದೂವರೆ ಲಕ್ಷ ಹೂಗಳು ಬೇಕು. ಇದರ ಬೆಲೆಗೂ ಕಲಬೆರಕೆಗೂ ಮೂಲಕಾರಣ ಇದೇ.

ಈ ವಸ್ತು ನಮ್ಮ ನಾಡಿಗೆ ಬಂದುದು ವರ್ತಕರ ಮೂಲಕ. ನಮ್ಮ ಶಿರೂರಿನಿಂದ ಬಹುದೂರವಲ್ಲದ ಐಹೊಳೆಯ ಹೆಸರನ್ನು ಹೊತ್ತ 'ಅಯ್ಯಾವೊಳೆ ಐನೂರ್ವರು' ದಕ್ಷಿಣ ಭಾರತದಲ್ಲೆಲ್ಲ ವ್ಯವಹರಿಸಿದ ವರ್ತಕಸಂಘ. ಅವರನ್ನು ಕುರಿತ ಕ್ರಿ.ಶ. 1055ರ ಶಿಕಾರಿಪುರ ಪ್ರದೇಶದ ಶಾಸನವೊಂದು ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿಗಳೊಡನೆ ಕುಂಕುಮವನ್ನೂ ಅವರ ಸರಕುಗಳಲ್ಲಿ ಎಣಿಸುತ್ತದೆ. ಶ್ರವಣಬೆಳಗೊಳದ ಗೊಮ್ಮಟೇಶ್ವರನ ಮಹಾಮಸ್ತಕಾಭಿಷೇಕದಲ್ಲಿ ಕೇಸರಿಯೂ ಒಂದು ದ್ರವ್ಯ. 2018ರ ಉತ್ಸವದಲ್ಲಿಯೂ ಅದನ್ನು ಕಂಡೆವು.

ಮುಖಕಾಂತಿಗೆ ಹೇಳಿದ ಕುಂಕುಮಾದಿ ತೈಲ ಆಯುರ್ವೇದದಲ್ಲಿ ಪ್ರಸಿದ್ಧ. ಒಂಬತ್ತನೆಯ ಶತಮಾನದಲ್ಲಿ 'ಕಲ್ಯಾಣಕಾರಕ'ವನ್ನು ರಚಿಸಿದ ಜೈನಾಚಾರ್ಯ ಉಗ್ರಾದಿತ್ಯರು ಚಿಕಿತ್ಸೆಯಲ್ಲಿ ಮಾಂಸ ಮದ್ಯಗಳನ್ನು ನಿರಾಕರಿಸಿದರು. ಔಷಧವು ರೋಗವನ್ನು ಕಳೆದರೆ ಸಾಲದು, ಅದು ಬಂದ ದಾರಿಯೂ ಶುದ್ಧವಾಗಿರಬೇಕು ಎಂಬ ಪಾಠವನ್ನು ನಾವು ಅಲ್ಲಿಂದ ಪಡೆಯಬಹುದು.

ಆಧುನಿಕ ವಿಜ್ಞಾನವು ಕೇಸರಿಯಲ್ಲಿ ಬಣ್ಣ ಕೊಡುವ ಕ್ರೋಸಿನ್, ಕಹಿ ಕೊಡುವ ಪಿಕ್ರೋಕ್ರೋಸಿನ್, ಪರಿಮಳ ಕೊಡುವ ಸಫ್ರನಾಲ್‌ಗಳನ್ನು ಗುರುತಿಸಿದೆ. 2004-05ರ ಸುಮಾರಿಗೆ ಟೆಹರಾನಿನಲ್ಲಿ ನಡೆದ ಪ್ರಯೋಗಗಳಲ್ಲಿ ದಿನಕ್ಕೆ 30 ಮಿಲಿಗ್ರಾಂ ಕೇಸರಿಸಾರವನ್ನು ಆರು ವಾರ ಕೊಟ್ಟಾಗ ಸೌಮ್ಯ ಹಾಗೂ ಮಧ್ಯಮ ಪ್ರಮಾಣದ ಖಿನ್ನತೆ ತಗ್ಗಿತು. ಆದರೆ ಅವುಗಳಲ್ಲಿ ಪಾಲ್ಗೊಂಡವರು ಕೆಲವೇ ಮಂದಿ. ಆದುದರಿಂದ ವೈದ್ಯರು ಕೊಟ್ಟ ಔಷಧವನ್ನು ಬಿಟ್ಟು ಕೇಸರಿಹಾಲನ್ನು ನಂಬುವುದು ಸಲ್ಲದು. ಗರ್ಭಿಣಿಯು ಕೇಸರಿ ಸೇವಿಸಿದರೆ ಮಗು ಬೆಳ್ಳಗೆ ಹುಟ್ಟುವುದೆಂಬ ಮಾತಿಗೆ ಆಧಾರವಿಲ್ಲ. ಮಗುವಿನ ಮೈಬಣ್ಣ ತಂದೆತಾಯಿಗಳಿಂದ ಬರುವ ಅನುವಂಶದ್ದು. ಅಡುಗೆಯ ನಾಲ್ಕೈದು ಎಳೆಗಳು ಬೇರೆ, ಔಷಧವೆಂದು ಗ್ರಾಂಗಟ್ಟಲೆ ಸೇವಿಸುವುದು ಬೇರೆ. ಗರ್ಭಾವಸ್ಥೆಯಲ್ಲಿ ಹೆಚ್ಚು ಪ್ರಮಾಣ ಅಪಾಯಕರ, ಐದು ಗ್ರಾಂ ಮೀರಿದರೆ ಯಾರಿಗಾದರೂ ವಿಷವಾಗಬಲ್ಲದು.

ಈ ಗುಣದೋಷಗಳ ಚರ್ಚೆಯೆಲ್ಲ ಅಸಲಿ ಕೇಸರಿಯನ್ನು ಕುರಿತದ್ದು. ನಮ್ಮ ಎರೆಹೊಲಗಳಲ್ಲಿ ಹಿಂಗಾರಿ ಜೋಳದೊಡನೆ ಬೆಳೆಯುವ ಕುಸುಬೆಯ ಹೂವಿನ ಎಸಳೇ ಕೇಸರಿಯ ಹೆಸರಿನಲ್ಲಿ ಮಾರಾಟವಾಗುವುದುಂಟು. ಬಣ್ಣ ಹಾಕಿದ ಮೆಕ್ಕೆಜೋಳದ ರೇಷ್ಮೆಯೂ ಉಂಟು. ಕುಸುಬೆ ಕೀಳಲ್ಲ, ಅದು ನಮಗೆ ಎಣ್ಣೆ ಕೊಟ್ಟ ಬೆಳೆ. ಅದನ್ನು ಅದರದೇ ಹೆಸರಿನಲ್ಲಿ ಮಾರಿದರೆ ದೋಷವಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯವ್ರತದ ಐದು ಅತಿಚಾರಗಳಲ್ಲಿ 'ಪ್ರತಿರೂಪಕ ವ್ಯವಹಾರ'ವನ್ನು, ಅಂದರೆ ಅಸಲಿನಂತೆ ತೋರುವ ನಕಲನ್ನೂ ಬೆರಕೆಯನ್ನೂ ಮಾರುವುದನ್ನು, ಸೇರಿಸಿದೆ. ತೂಕ ಅಳತೆಗಳ ವಂಚನೆಯೂ ಅಲ್ಲಿಯೇ ಇದೆ. ಗ್ರಾಹಕನು ಮೋಸವನ್ನು ಅರಿಯದಿದ್ದರೂ ಅದು ಕಳವೇ. ರೋಗಿಯ ವಿಷಯದಲ್ಲಂತೂ ಕಳವಾಗುವುದು ಹಣವಷ್ಟೇ ಅಲ್ಲ, ಗುಣಮುಖನಾಗುವ ಭರವಸೆಯೂ ಹೌದು.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ಸುಲಭ. ಎಳೆಗಳನ್ನು ನೀರಿಗೆ ಹಾಕಿದರೆ ಅಸಲಿ ಕೇಸರಿ ಮೆಲ್ಲಮೆಲ್ಲನೆ ಹೊನ್ನಿನ ಹಳದಿಯನ್ನು ಬಿಡುತ್ತದೆ, ಎಳೆ ಬಹುಹೊತ್ತು ಕೆಂಪಾಗಿಯೇ ಉಳಿಯುತ್ತದೆ. ಕೃತಕ ಬಣ್ಣವಾದರೆ ಒಮ್ಮೆಗೇ ಕೆಂಪಾಗಿ ಹರಿದು ಎಳೆ ಬಿಳಿಚುತ್ತದೆ. ನೆನೆದ ಅಸಲಿ ಎಳೆಯ ಒಂದು ತುದಿ ತುತ್ತೂರಿಯಂತೆ ಅರಳಿರುತ್ತದೆ. ಪುಡಿಯಲ್ಲಿ ಇದಾವುದನ್ನೂ ಕಾಣಲಾಗದು. ಎಳೆಯನ್ನೇ ಕೊಳ್ಳುವುದು ಲೇಸು. 2020ರಲ್ಲಿ ಕಾಶ್ಮೀರದ ಕೇಸರಿಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ.

ಬಸದಿಗಳ ಟ್ರಸ್ಟುಗಳು ಅಭಿಷೇಕದ್ರವ್ಯವನ್ನು ಕೊಳ್ಳುವಾಗ ಅಗ್ಗದ ದರವನ್ನಷ್ಟೇ ನೋಡದೆ ಈ ಪರೀಕ್ಷೆಯನ್ನು ಮಾಡಲಿ. ಅಸಲಿಗೆ ಹಣ ಸಾಲದಿದ್ದರೆ ಎರಡು ಎಳೆಯೇ ಸಾಕು. ಭಗವಂತನ ಮುಂದೆ ಅಲ್ಪವು ಲಜ್ಜೆಯಲ್ಲ, ನಕಲು ಲಜ್ಜೆ.