ಪ್ರೇಮಪತ್ರದಿಂದ ಲೈಬ್ರರಿ ಪಾಸ್‌ವರ್ಡ್‌ವರೆಗೆ

2000ನೇ ಇಸವಿ, ಮೇ 4, ಗುರುವಾರ. ಅವತ್ತು ಜಗತ್ತಿನ ಲಕ್ಷಾಂತರ ಜನರಿಗೆ ಒಂದು ಇ-ಮೇಲ್ ಬಂತು. ವಿಷಯ: ‘ಐ ಲವ್ ಯೂ’. ಕಳಿಸಿದವರು ಅಪರಿಚಿತರಲ್ಲ. ಪಕ್ಕದ ಮೇಜಿನ ಸಹೋದ್ಯೋಗಿ, ಹಳೇ ಕ್ಲಾಸ್‌ಮೇಟ್, ಕೆಲವರಿಗಂತೂ ಸ್ವತಃ ಬಾಸ್! ಜೊತೆಗೊಂದು ಫೈಲು, ಹೆಸರು ನೋಡಿದರೆ ಪ್ರೇಮಪತ್ರ. ತೆರೆಯದೇ ಇರೋಕೆ ಆಗತ್ತಾ ಹೇಳಿ?

ತೆರೆದರು. ಫೈಲಿನ ಹೆಸರಿನ ಕೊನೆಗೆ ‘ಟಿಎಕ್ಸ್‌ಟಿ’ ಅಂತ ಕಾಣುತ್ತಿತ್ತು, ಅಂದರೆ ಬರೀ ಅಕ್ಷರ. ಅದರ ಹಿಂದೆ ಇನ್ನೊಂದು ಬಾಲ ಇತ್ತು, ‘ವಿಬಿಎಸ್’. ಅಂದರೆ ಅದು ಪತ್ರವೇ ಅಲ್ಲ, ಕಂಪ್ಯೂಟರಿಗೆ ಆಜ್ಞೆ ಕೊಡುವ ಪ್ರೋಗ್ರಾಂ. ಆ ಕೊನೆಯ ಬಾಲವನ್ನು ವಿಂಡೋಸ್ ತಾನಾಗಿಯೇ ಮುಚ್ಚಿಡುತ್ತಿತ್ತು. ಒಂದು ಕ್ಲಿಕ್ ಮಾಡಿದರೆ ಸಾಕು, ನಿಮ್ಮ ವಿಳಾಸ ಪಟ್ಟಿಯಲ್ಲಿದ್ದ ಎಲ್ಲರಿಗೂ ನಿಮ್ಮ ಹೆಸರಿನಲ್ಲೇ ಅದೇ ಪ್ರೇಮಪತ್ರ ಹೋಗುತ್ತಿತ್ತು. ಪೆಂಟಗನ್, ಬ್ರಿಟನ್ ಸಂಸತ್ತು ಕೂಡ ಮೇಲ್ ವ್ಯವಸ್ಥೆ ಬಂದ್ ಮಾಡಿ ಕೂತವು.

ಇದರ ಹಿಂದೆ ಇದ್ದದ್ದು ಮನಿಲಾದ ಒಬ್ಬ ಕಾಲೇಜು ಹುಡುಗ, ಓನೆಲ್ ಡಿ ಗುಜ್ಮನ್. ಫಿಲಿಪ್ಪೀನ್ಸ್‌ನಲ್ಲಿ ಆಗ ಡಯಲ್-ಅಪ್ ಇಂಟರ್ನೆಟ್ ಬಡವರ ಕೈಗೆ ಎಟುಕುತ್ತಿರಲಿಲ್ಲ. ಇನ್ನೊಬ್ಬರ ಪಾಸ್‌ವರ್ಡ್ ಕದ್ದು ಪುಕ್ಕಟೆ ಇಂಟರ್ನೆಟ್ ಬಳಸುವ ಪ್ರೋಗ್ರಾಂ ಮಾಡ್ತೀನಿ ಅಂತ ಈತ ಕಾಲೇಜಿಗೆ ಪ್ರಾಜೆಕ್ಟ್ ಪ್ರಸ್ತಾವ ಕೊಟ್ಟಿದ್ದ. ಇದು ಕಳ್ಳತನ ಅಂತ ಕಾಲೇಜು ತಿರಸ್ಕರಿಸಿತು. (ನಮ್ಮಲ್ಲಿ ಪ್ರಾಜೆಕ್ಟ್ ರಿಜೆಕ್ಟ್ ಆದರೆ ಅಂಗಡಿಗೆ ಹೋಗಿ ರೆಡಿಮೇಡ್ ತರುತ್ತಾರೆ. ಆ ವಿಷಯ ಇನ್ನೊಂದು ದಿನ ಮಾತಾಡೋಣ.) ಪ್ರೇಮಪತ್ರದ ಒಳಗೂ ಅದೇ ಆಸೆ ಇತ್ತು. ಪಾಸ್‌ವರ್ಡ್ ಕದಿಯುವ ಇನ್ನೊಂದು ಪ್ರೋಗ್ರಾಂ ಅನ್ನು ಅದು ಇಂಟರ್ನೆಟ್‌ನಿಂದ ಇಳಿಸಿಕೊಳ್ಳುತ್ತಿತ್ತು. ಆದರೆ ಶಿಕ್ಷಿಸೋಕೆ ಆ ದೇಶದಲ್ಲಿ ಕಾನೂನೇ ಇರಲಿಲ್ಲ, ಕೇಸು ಬಿದ್ದುಹೋಯಿತು. ಕಾನೂನು ಬಂದದ್ದು ಮರುತಿಂಗಳು. ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದದ್ದೂ ಅದೇ ವರ್ಷ ಅಕ್ಟೋಬರ್ 17ಕ್ಕೆ. ಡಿ ಗುಜ್ಮನ್ ‘ನಾನೇ ಮಾಡಿದ್ದು’ ಅಂತ ಬ್ರಿಟಿಷ್ ಪತ್ರಕರ್ತರೊಬ್ಬರ ಮುಂದೆ ಪೂರ್ತಿ ಒಪ್ಪಿಕೊಂಡದ್ದು ಲೋಕಕ್ಕೆ ಗೊತ್ತಾಗಿದ್ದು 2020ರಲ್ಲಿ. ಆಗ ಆತ ಮನಿಲಾದಲ್ಲಿ ಮೊಬೈಲ್ ರಿಪೇರಿ ಮಾಡಿಕೊಂಡಿದ್ದ.

‘ಫಿಶಿಂಗ್’ ಅನ್ನೋ ಪದ ಇದಕ್ಕಿಂತ ಹಳೆಯದು. 90ರ ದಶಕದಲ್ಲಿ ಅಮೆರಿಕ ಆನ್‌ಲೈನ್ ಕಂಪನಿಯ ಸಿಬ್ಬಂದಿ ಅಂತ ನಟಿಸಿ, ಗ್ರಾಹಕರ ಪಾಸ್‌ವರ್ಡ್ ಕೇಳುತ್ತಿದ್ದ ಪಡ್ಡೆ ಹುಡುಗರ ಬಾಯಲ್ಲಿ ಹುಟ್ಟಿದ್ದು. ನಮ್ಮ ಭಾಷೆಯಲ್ಲಿ ಗಾಳ ಹಾಕೋದು, ಅಷ್ಟೇ.

ಆ ಗಾಳ ನಮ್ಮ ಹಾಸ್ಟೆಲಿಗೂ ಬಂತು. 2008, ನಾನು ಎಂಜಿನಿಯರಿಂಗ್ ಎರಡನೇ ವರ್ಷ. ‘ನಿಮ್ಮ ಮೇಲ್‌ಬಾಕ್ಸ್ ತುಂಬಿದೆ, 24 ಗಂಟೆಯೊಳಗೆ ಯೂಸರ್ ನೇಮ್, ಪಾಸ್‌ವರ್ಡ್ ಕಳಿಸದಿದ್ದರೆ ಖಾತೆ ರದ್ದು’ ಅಂತ ಕಾಲೇಜಿನ ಕಂಪ್ಯೂಟರ್ ಸೆಂಟರ್ ಹೆಸರಿನಲ್ಲಿ ಮೇಲ್. ನನ್ನ ರೂಮ್‌ಮೇಟ್ ಕ್ಲಾಸಿಗೇ ಫಸ್ಟ್. ಅವನೇ ಕಳಿಸಿಬಿಟ್ಟ! ಎರಡು ದಿನಕ್ಕೆ ಅವನ ಖಾತೆಯಿಂದ ಎಚ್‌ಓಡಿ ಸೇರಿ ಎಲ್ಲರಿಗೂ ಅದೇ ಮೇಲ್ ಹೋಯಿತು. ಅವನಿಗೆ ಗೊತ್ತಾಗಿತ್ತು. ಆದರೂ ಒಂದು ವಾರ ಯಾರಿಗೂ ಬಾಯಿ ಬಿಡಲಿಲ್ಲ, ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ನನಗೂ. ‘ಕಂಪ್ಯೂಟರ್ ಸೈನ್ಸ್ ಓದಿ ಇಷ್ಟೇನಾ ಅಂತಾರೆ ಕಣೋ’ ಅಂದ ಆಮೇಲೆ. ಆ ವಾರದಲ್ಲಿ ಇನ್ನೂ ಎಂಟು ಜನ ಪಾಸ್‌ವರ್ಡ್ ಕಳಿಸಿದ್ದರು. ಯಾಕಂದ್ರೆ ಮೇಲ್ ಬಂದದ್ದು ಫಸ್ಟ್ ರ‍್ಯಾಂಕ್ ಹುಡುಗನಿಂದ!

ಓದಿದವರು ಬೀಳಲ್ಲ ಅನ್ನೋರಿಗೆ ಇನ್ನೊಂದು ಕತೆ ಹೇಳ್ತೀನಿ. 2018ರ ಮಾರ್ಚ್‌ನಲ್ಲಿ ಅಮೆರಿಕ ಒಂಬತ್ತು ಇರಾನಿಯನ್ನರ ಮೇಲೆ ದೋಷಾರೋಪ ಹೊರಿಸಿತು. ಅವರ ಗುರಿ ಪ್ರೊಫೆಸರ್‌ಗಳು. ಅಮೆರಿಕದ 144, ಬೇರೆ 21 ದೇಶಗಳ 176 ವಿಶ್ವವಿದ್ಯಾಲಯ. ಲಕ್ಷಕ್ಕೂ ಹೆಚ್ಚು ಪ್ರಾಧ್ಯಾಪಕರಿಗೆ ಗಾಳ, ಸಿಕ್ಕಿಬಿದ್ದ ಖಾತೆ ಸುಮಾರು 8,000. ಹೇಗೆ ಗೊತ್ತಾ? ಬೇರೆ ವಿಶ್ವವಿದ್ಯಾಲಯದ ಪ್ರೊಫೆಸರ್ ಬರೆದಂತೆ ಒಂದು ಮೇಲ್: ‘ನಿಮ್ಮ ಲೇಖನ ಓದಿದೆ, ತುಂಬಾ ಚೆನ್ನಾಗಿದೆ, ಇದನ್ನೂ ನೋಡಿ.’ ಲಿಂಕ್ ಒತ್ತಿದರೆ ತಮ್ಮದೇ ವಿಶ್ವವಿದ್ಯಾಲಯದ ಲಾಗಿನ್ ಪುಟ, ಅಂದರೆ ಹಾಗೆ ಕಾಣುವ ಪುಟ. ಹೊಗಳಿಕೆಗೆ ಕರಗದ ಪ್ರೊಫೆಸರ್ ಎಲ್ಲಿದ್ದಾರೆ ಹೇಳಿ! ಹೀಗೆ ಕದ್ದ ಸಂಶೋಧನೆ, ಪುಸ್ತಕ, ಪ್ರಬಂಧ ಎಲ್ಲಾ ಸೇರಿ 31 ಟೆರಾಬೈಟ್‌ಗೂ ಹೆಚ್ಚು ಅಂತ ಆರೋಪಪಟ್ಟಿ ಹೇಳುತ್ತದೆ.

ಆ ನಕಲಿ ಪುಟ ಗುರುತಿಸೋದು ಹೇಗೆ? ವಿಳಾಸದಲ್ಲಿ ಮೊದಲ ಗೀಟಿಗೆ ಮುಂಚಿನ ಭಾಗವನ್ನು ಬಲದಿಂದ ಎಡಕ್ಕೆ ಓದಿ. ‘ಡಾಟ್ ಎಸಿ ಡಾಟ್ ಇನ್’, ಅದರ ಎಡಕ್ಕೆ ನಿಮ್ಮ ಕಾಲೇಜಿನ ಹೆಸರು ಇರಬೇಕು. ಕಾಲೇಜಿನ ಹೆಸರು ಮುಂದೆಲ್ಲೋ ಇದ್ದು, ಕೊನೆಗೆ ಬೇರೇನೋ ಇದ್ದರೆ ಅದು ಬೇರೆಯವರ ಮನೆ. ಬೆಂಗಳೂರಲ್ಲಿ ಬೋರ್ಡ್ ಹಾಕಿದ ಮಾತ್ರಕ್ಕೆ ‘ಮೈಸೂರು ಕೆಫೆ’ ಮೈಸೂರಲ್ಲಿ ಇರುತ್ತಾ? ಆದರೆ ನಿಜವಾದ ಸ್ನೇಹಿತನ ಖಾತೆಯೇ ಕಳ್ಳರ ಕೈಯಲ್ಲಿದ್ದಾಗ ಈ ಪರೀಕ್ಷೆಯೂ ಸಾಲದು. ಆಗ ಮೇಲ್ ಬಿಟ್ಟು ಬೇರೆ ದಾರಿಯಲ್ಲಿ ಕೇಳಬೇಕು. ಒಂದು ಫೋನ್ ಮಾಡಿ, ನಡೆದುಕೊಂಡು ಹೋಗಿ.

ಆ ಒಂದು ಫೋನ್ ಮಾಡದೆ ಕೆನಡಾದ ಎಡ್ಮಂಟನ್‌ನ ಮೆಕ್‌ಇವಾನ್ ವಿಶ್ವವಿದ್ಯಾಲಯ 2017ರ ಆಗಸ್ಟ್‌ನಲ್ಲಿ 1 ಕೋಟಿ 18 ಲಕ್ಷ ಡಾಲರ್ ಕಳಕೊಂಡಿತು. ಕಾಂಟ್ರಾಕ್ಟರ್ ಹೆಸರಿನಲ್ಲಿ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಅಂತ ಮೇಲ್ ಬಂತು, ಸಿಬ್ಬಂದಿ ಮೂರು ಕಂತಿನಲ್ಲಿ ಹಣ ಹಾಕಿದರು. ಗೊತ್ತಾಗಿದ್ದು ಯಾವಾಗ? ನಿಜವಾದ ಕಾಂಟ್ರಾಕ್ಟರ್ ‘ನಮ್ಮ ದುಡ್ಡೆಲ್ಲಿ’ ಅಂತ ಕೇಳಿದಾಗ. ನನಗೆ ಮೆಚ್ಚುಗೆಯಾದದ್ದು ಆಮೇಲಿನ ನಡೆ. ಅವರು ಮುಚ್ಚಿಡಲಿಲ್ಲ. ಕೂಡಲೇ ಹಣದ ಜಾಡು ಹಿಡಿಸಿದರು, ಎರಡು ವಾರ ಕಳೆಯುವುದರೊಳಗೆ ತಾವೇ ಊರಿಗೆಲ್ಲ ಹೇಳಿದರು. ಕೆನಡಾ, ಹಾಂಕಾಂಗ್ ಖಾತೆಗಳಲ್ಲಿ ಸಿಕ್ಕಿದ ಹಣದಲ್ಲಿ ಒಂದು ಕೋಟಿ ಡಾಲರ್‌ಗೂ ಹೆಚ್ಚು ವಾಪಸ್ ಬಂತು.

ನಮ್ಮಲ್ಲಿ ಕ್ಯಾಂಪಸ್ ಗಾಳಕ್ಕೆ ಸಿಕ್ಕಿಸುವ ಎರೆಹುಳ ಬಹುಪಾಲು ಕೆಲಸ. ಇದೂ ಹಳೆಯದೇ. ನಾಸ್ಕಾಂ ಹೆಸರಿನಲ್ಲಿ ಮೇಲ್ ಕಳಿಸಿ ಜನರ ಮಾಹಿತಿ ಸಂಗ್ರಹಿಸುತ್ತಿದ್ದ ಒಂದು ನೇಮಕಾತಿ ಏಜೆನ್ಸಿಯ ಪ್ರಕರಣದಲ್ಲೇ ದೆಹಲಿ ಹೈಕೋರ್ಟ್ 2005ರಲ್ಲಿ ಫಿಶಿಂಗ್ ಕಾನೂನುಬಾಹಿರ ಅಂದಿತು. ಈಗ 66ಡಿ ಸೆಕ್ಷನ್ ಇದೆ, ಮೂರು ವರ್ಷದವರೆಗೆ ಜೈಲು. ಹಣ ಹೋದರೆ 1930ಕ್ಕೆ ಫೋನ್ ಮಾಡಬಹುದು. ಬೇಗ ಮಾಡಿದಷ್ಟೂ ಹಣ ಮುಂದೆ ಜಾರದಂತೆ ತಡೆಯೋ ಅವಕಾಶ ಹೆಚ್ಚು.

ಮೊನ್ನೆ ಅದೇ ರೂಮ್‌ಮೇಟ್ ಫೋನ್ ಮಾಡಿದ್ದ. ಅವನ ಅಕ್ಕನ ಮಗಳಿಗೆ ಆಫರ್ ಲೆಟರ್ ಮೇಲ್‌ನಲ್ಲಿ ಬಂದಿದೆ, ಲ್ಯಾಪ್‌ಟಾಪ್‌ಗೆ ಅಂತ 12 ಸಾವಿರ ಡೆಪಾಸಿಟ್ ಕಟ್ಟಬೇಕಂತೆ.

‘ಕಟ್ಟಿದ್ಲೇನೋ?’ ಅಂದೆ.

‘ಇಲ್ಲ ಮಾರಾಯ, ಸೀದಾ ಕಾಲೇಜಿನ ಪ್ಲೇಸ್‌ಮೆಂಟ್ ಆಫೀಸಿಗೆ ಕರಕೊಂಡು ಹೋದೆ. ಅವರು ಕ್ಲಾಸ್ ಕ್ಲಾಸಿಗೂ ಹೋಗಿ ಕೇಳಿದ್ರು. ಮೂರು ಮಕ್ಕಳು ಆಗಲೇ ಕಟ್ಟಿಬಿಟ್ಟಿದ್ವು. ಹತ್ತು ದಿನದಿಂದ ಮನೇಲೂ ಹೇಳಿರಲಿಲ್ಲ.’