ಇರುಳಿನ ಕೊಂಬಿನ ದನಿ

ಯುರೋಪಿನ ಕಾಡುಗಳಲ್ಲಿ ರಾತ್ರಿ ಬೇಟೆಯಾಡುವ ದೆವ್ವಗಳನ್ನು ನಾನು ಬರೀ ಅಜ್ಜಿಕಥೆಯೆಂದೇ ತಿಳಿದಿದ್ದೆ. ಎಷ್ಟೋ ವರ್ಷ ಮಕ್ಕಳಿಗೂ ಹಾಗೆಯೇ ಹೇಳಿದ್ದೆ. ಇಂಗ್ಲೆಂಡಿನ ಪೀಟರ್‌ಬರೋ ಮಠದ ವೃತ್ತಾಂತ ಓದಿದ ಮೇಲೆ ನಾಲಿಗೆ ತಡೆಯುತ್ತದೆ.

1127ರಲ್ಲಿ ದೊರೆ ಒಂದನೆಯ ಹೆನ್ರಿ ತನ್ನ ನೆಂಟನನ್ನು ಅಲ್ಲಿಗೆ ಮಠಾಧಿಪತಿಯಾಗಿ ಕಳಿಸಿದ. ಫ್ರಾನ್ಸಿನಲ್ಲಿ ಆಗಲೇ ಒಂದು ಮಠ ಅವನ ಕೈಯಲ್ಲಿತ್ತು, ಆಸೆ ತೀರಿರಲಿಲ್ಲ. ಅವನು ಬಂದದ್ದೇ ತಡ, ಕಾಡಿನಲ್ಲಿ ಕರಿಯ ಬೇಟೆಗಾರರು ಕಾಣತೊಡಗಿದರಂತೆ. ಕರಿಕುದುರೆ, ಕರಿಹೋತಗಳ ಮೇಲೆ ಸವಾರಿ, ಅಗಲಗಣ್ಣಿನ ಕರಿನಾಯಿಗಳು, ರಾತ್ರಿ 20-30 ಕೊಂಬುಗಳ ಕೂಗು. ಈಸ್ಟರ್‌ವರೆಗೂ ಹೀಗೇ.

ಇದನ್ನು ಬರೆದಿಟ್ಟ ಸನ್ಯಾಸಿಯೇ ಹೊಸ ಗುರುವನ್ನು ಗೂಡಿನೊಳಗಿನ ಗಂಡುಜೇನಿಗೆ ಹೋಲಿಸಿದ್ದಾನೆ. ದುಡಿಯದೆ ತಿನ್ನುವವನು! ದೊರೆಯ ನೆಂಟನೆದುರು ಬಾಯಿಬಿಟ್ಟು ಹೇಳಲಾದೀತೆ? ಆ ಕೊಂಬುಗಳಲ್ಲಿ ನನಗೆ ಮಠದವರ ದೂರೇ ಕೇಳಿಸುತ್ತದೆ.

ಅವನನ್ನು ಹೊರಗೆ ಕಳಿಸಿದ್ದು 1132ರಲ್ಲಿ. ಐದು ವರ್ಷ, ನೋಡಿ.